ತೊಳೆಯಬಾರದ ಗಾಜು

ಜನವರಿ 14

ಅಪ್ಪಾ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಒಂದು ಪ್ರಶ್ನೆ: ಗಾಜಿಗೆ ಮಸಿ ಸಮವಾಗಿ ಹಿಡಿಸೋದು ಹೇಗೆ?

ನನಗೆ ಗೊತ್ತಿರೋರಲ್ಲಿ ಇದು ಗೊತ್ತಿರೋದು ನಿನಗೊಬ್ಬನಿಗೇ. ಇಲ್ಲದಿದ್ರೆ ಖಂಡಿತ ಕೇಳ್ತಿರಲಿಲ್ಲ. ಮನೆ ಬಿಟ್ಟು ವರ್ಷ ಆಯ್ತು, ಒಂದು ಸಾಲೂ ಬರೆದಿಲ್ಲ ಅಂತ ಅಮ್ಮನ ಹತ್ರ ಗೊಣಗ್ತಿಯಂತೆ. ಇಗೋ, ಬರೆದೆ. ಫೋನಲ್ಲಿ ಆದ್ರೆ ನಾನು ಕಿರುಚ್ತೀನಿ, ನೀನು ಬಾಯಿಗೆ ಬೀಗ ಹಾಕ್ಕೋತೀಯ, ಅಮ್ಮ ಮಧ್ಯೆ ಬಂದು "ಸಾಕು, ಇಡಿ ಇಬ್ಬರೂ" ಅಂತಾಳೆ. ಕಾಗದದಲ್ಲಿ ಎಷ್ಟು ಕಿರುಚಿದ್ರೂ ಅಕ್ಕಪಕ್ಕದೋರಿಗೆ ಕೇಳಲ್ಲ.

ಗಾಜಿನಂಗಡಿ ಕೆಲಸ ಚೆನ್ನಾಗಿ ನಡೀತಿದೆ. ಯಜಮಾನ್ರು ನನ್ನನ್ನ ಕಿಟಕಿ ಗಾಜಿಂದ ಕನ್ನಡಿಗೆ ಬಡ್ತಿ ಮಾಡಿದಾರೆ. ನನ್ನ ನಾಲಿಗೆ ಗಾಜಿನ ಅಂಚಿನ ಥರ ಇದೆಯಂತೆ, ಅದಕ್ಕೆ "ಚೂಪಿ" ಅಂತ ಕರೀತಾರೆ. ಈಗ ಬೀದಿಗೆಲ್ಲ ನಾನು ಚೂಪಿ.

ಹೋದ ತಿಂಗಳು ಇಲ್ಲಿನ ಲೈಬ್ರರಿಗೆ ಕನ್ನಡಿ ಪಟ್ಟಿ ಕೊಡೋಕೆ ಹೋದೆ. ಹಿಂದುಗಡೆ ಒಂದು ಕೋಣೆ ಇದೆ, ಮೊದಲು ಪುಸ್ತಕಕ್ಕೆ ರಟ್ಟು ಹಾಕ್ತಿದ್ದ ಜಾಗ. ಈಗ ಭಾನುವಾರ ಭಾನುವಾರ ಮಕ್ಕಳ ಕೈಯಲ್ಲಿ ಏನೇನೋ ಮಾಡಿಸ್ತಾರೆ. ಅರ್ಧ ಚಿತ್ರ, ಅರ್ಧ ವಿಜ್ಞಾನ. ತೂತಿನ ಡಬ್ಬಿಗೆ ಬಣ್ಣದ ಮರಳು ತುಂಬಿ ಹಗ್ಗದಲ್ಲಿ ತೂಗಿಬಿಟ್ರೆ ಅದೇ ನೆಲದ ಮೇಲೆ ಹೂವು ಬರೀತದೆ, ಅಂಥವು. ಅವತ್ತು ಮೂರು ಕನ್ನಡಿ ಸೇರಿಸಿ ಕೊಳವೆ ಮಾಡ್ತಿದ್ರು. ಎಲ್ಲಾ ಮಕ್ಕಳೂ ಕನ್ನಡಿ ಮುಖ ಹೊರಗೆ ಇಟ್ಟು ಕಟ್ಟಿದಾರೆ! ಒಳಗೆ ನೋಡಿದ್ರೆ ಕೆಂಪು ಬಳಿದ ಬೆನ್ನು. ಲೈಬ್ರರಿ ಮೇಡಂ ಪುಸ್ತಕ ಹಿಡ್ಕೊಂಡು ಬೆವರ್ತಾ ನಿಂತಿದಾರೆ. ನನ್ನ ಬಾಯಿ ಸುಮ್ನಿರುತ್ತಾ? "ಕನ್ನಡಿ ಮುಖ ಒಳಗಿರಬೇಕು ಕಣ್ರೀ! ಹೊರಗಿಟ್ರೆ ನೋಡೋರೇನು, ದಾರೀಲಿ ಹೋಗೋರಾ?" ಅಂದೆ. ಮೇಡಂ ಪುಸ್ತಕ ಮುಚ್ಚಿದ್ರು. "ಹಾಗಾದ್ರೆ ನೀವೇ ಹೇಳಿಕೊಡಿ" ಅಂದ್ರು.

ಅವತ್ತಿಂದ ಪ್ರತಿ ಭಾನುವಾರ ನಾನೇ. ಮೂವತ್ತೆರಡು ಮಕ್ಕಳು. ಸ್ಕೂಲು ಬಿಟ್ಟೋಳು ಮೇಷ್ಟ್ರಾಗಿದೀನಿ, ನಗು ನೀನು.

ಈಗ ಮಸಿ ಗಾಜಿನ ಮೇಲೆ ಮೊಳೆಯಲ್ಲಿ ಚಿತ್ರ ಗೀಚಿಸಿ, ಹಿಂದಿಂದ ದೀಪ ಬಿಟ್ಟು ಗೋಡೆ ಮೇಲೆ ದೊಡ್ಡದಾಗಿ ಬೀಳಿಸಬೇಕು ಅಂತಿದೀನಿ. ಆದ್ರೆ ಮಸಿ ಒಂದು ಕಡೆ ಕಂಬಳಿ, ಒಂದು ಕಡೆ ಬೋಳು. ಎರಡು ಗಾಜು ಪಟ್ ಅಂತ ಒಡೆದ್ವು.

ಮಸಿ ಗಾಜು ನಾನು ಮೊದಲು ಎಲ್ಲಿ ನೋಡಿದ್ದು ಅಂತ ನಿನಗೂ ಗೊತ್ತು, ನನಗೂ ಗೊತ್ತು. ಅದರ ಬಗ್ಗೆ ಬರೆಯಲ್ಲ. ಬರೆದ್ರೆ ಪೆನ್ನು ಮುರಿಯುತ್ತೆ.

ಬೇರೆ ಗತಿ ಇಲ್ಲದೆ ಕೇಳ್ತಿರೋ,
ನಿನ್ನ ಮಗಳು

ಜನವರಿ 22

ಮಗಳಿಗೆ,

ನಾವಿಬ್ಬರೂ ಚೆನ್ನಾಗಿದ್ದೇವೆ, ನಿನ್ನ ಅಮ್ಮನ ಮಂಡಿಯೊಂದನ್ನು ಬಿಟ್ಟು.

ಗಾಜನ್ನು ಮೊದಲು ಸೋಪಿನಲ್ಲಿ ತೊಳೆ. ಬೆರಳಿನ ಜಿಡ್ಡು ಇದ್ದಲ್ಲಿ ಮಸಿ ನಿಲ್ಲುವುದಿಲ್ಲ. ತೊಳೆದ ಮೇಲೆ ಅಂಚು ಹಿಡಿದೇ ಎತ್ತು. ನಂತರ ಕಾಲು ಗಂಟೆ ಬಿಸಿಲಿನಲ್ಲಿಡು. ತಣ್ಣನೆಯ ಗಾಜನ್ನು ಉರಿಗೆ ಹಿಡಿದರೆ ಅದು ಬೆವರುತ್ತದೆ, ನೀನು ಹೇಳಿದ ಬೋಳು ಅದರಿಂದಲೇ. ಮೇಣದಬತ್ತಿಯ ತುದಿಯ ಮೇಲೆ ಹಿಡಿಯಬೇಡ, ಹಳದಿ ಉರಿಯ ನಡುವಿಗೆ ಇಳಿಸು. ಕೈ ನಿಲ್ಲಬಾರದು. ಗೋಡೆಗೆ ಸುಣ್ಣ ಬಳಿಯುವವರ ಕೈ ಹೋಗಿ ಬರುತ್ತದಲ್ಲ, ಹಾಗೆ. ಒಂದೇ ಕಡೆ ನಿಂತರೆ ಗಾಜು ಒಡೆಯುತ್ತದೆ. ಕಿಟಕಿ ಮುಚ್ಚಿರಲಿ, ಫ್ಯಾನ್ ಬೇಡ. ಮಕ್ಕಳ ಕೂದಲು, ತೋಳು ಉರಿಯಿಂದ ದೂರವಿರಲಿ. ಒಂದು ಬಕೆಟ್ ನೀರು ಪಕ್ಕದಲ್ಲಿಟ್ಟುಕೋ.

ಬಳಸಿದ ನಂತರ ಎಲ್ಲವನ್ನೂ ತೊಳೆದು, ಒರೆಸಿ, ಜಾಗದಲ್ಲಿಡು.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಂದೆ

ಫೆಬ್ರವರಿ 3

ಅಪ್ಪಾ,

ಬಂತು! ಮಸಿ ಹಿಡೀತು! ಬೆಕ್ಕಿನ ಬೆನ್ನಿನ ಹಾಗೆ, ಮುಟ್ಟಬೇಕು ಅನ್ನಿಸೋ ಹಾಗೆ. ಮಕ್ಕಳು ಹುಚ್ಚೆದ್ದು ಗೀಚಿದ್ರು. ಮುಂದಿನ ಹಲ್ಲು ಬಿದ್ದ ಒಂದು ಪೋರಿ ಇದಾಳೆ, ಅವಳು ಕುದುರೆ ಬರೆದಳು. ಆ ಕುದುರೆಗೆ ಐದು ಕಾಲು. ಯಾಕೇ ಅಂದ್ರೆ "ಓಡ್ತಾ ಇದೆ, ಎಣಿಸೋಕೆ ಆಗಲಿಲ್ಲ" ಅಂದಳು.

ಆದ್ರೆ ನಿನ್ನ ಕಾಗದದ ಕೊನೆ ನೋಡಿ ಮೈಯೆಲ್ಲಾ ಉರೀತು. "ತೊಳೆದು, ಒರೆಸಿ, ಜಾಗದಲ್ಲಿಡು." ಅಲ್ಲಪ್ಪಾ, ಈ ಮಾತು ನನಗೆ ಬರೀಬೇಕಾದ್ರೆ ನಿನಗೆ ಏನೂ ನೆನಪಾಗಲಿಲ್ವಾ?

ಸರಿ, ಪೆನ್ನು ಮುರಿದ್ರೆ ಮುರೀಲಿ. ಒಂಬತ್ತನೇ ಕ್ಲಾಸು. ನೀನು ಲ್ಯಾಬ್ ಅಟೆಂಡರ್ ಆಗಿದ್ದ ಅದೇ ಸ್ಕೂಲು. ಶ್ರುತಿಕವೆ ಪ್ರಯೋಗ. ಕವಲೊಡೆದ ಆ ಉಕ್ಕಿನ ಕಡ್ಡಿ ತುದಿಗೆ ನೀನೇ ಬ್ರಷ್ಷಿನ ಕೂದಲು ಅಂಟಿಸಿ ಕೊಟ್ಟೆ. ಬಡಿದು, ಗುಂಯ್ ಅನ್ನುವಾಗ ಕೂದಲನ್ನ ಮಸಿ ಗಾಜಿಗೆ ತಾಗಿಸಿ, ಗಾಜು ಎಳೆದ್ವಿ. ಸದ್ದು ತಾನೇ ಗೆರೆ ಬರೀತು. ಅಲೆ ಅಲೆಯಾಗಿ, ಒಂದಕ್ಕೊಂದು ಅಳತೆ ತಪ್ಪದೆ. ವಿಜ್ಞಾನದ ಮೇಷ್ಟ್ರು "ಅಲೆ ಎಣಿಸಿ, ಬರ್ಕೊಳ್ಳಿ" ಅಂದ್ರು. ನಾನು ಎಣಿಸಲಿಲ್ಲ. ನೋಡ್ತಾ ಕೂತೆ. ಪಾಠ ಮುಗಿದ ಮೇಲೆ ತೊಳೆದುಬಿಡ್ತಾರಲ್ಲ ಅಂತ ಅದನ್ನ ಪುಸ್ತಕದ ಮಧ್ಯೆ ಇಟ್ಟು ಮನೆಗೆ ತಂದೆ.

ಮಾರನೇ ದಿನ ಮೇಷ್ಟ್ರು ಕ್ಲಾಸಲ್ಲಿ ನನ್ನ ಕಳ್ಳಿ ಅಂದ್ರು. ನಿನ್ನನ್ನ ಕರೆಸಿದ್ರು. ನೀನು ಏನು ಮಾಡಿದೆ? ತಲೆ ತಗ್ಗಿಸಿ "ತಪ್ಪಾಯ್ತು ಸಾರ್, ಹುಡುಗು ಬುದ್ಧಿ" ಅಂದೆ. ಆ ಗಾಜನ್ನ ನನ್ನ ಕೈಯಿಂದ ತಗೊಂಡು, ಇಡೀ ಕ್ಲಾಸಿನ ಮುಂದೆ ನಲ್ಲಿ ಕೆಳಗೆ ಹಿಡಿದು ತೊಳೆದೆ. ತೊಳೆದು ಒರೆಸಿ, ಸ್ವಚ್ಛ ಆಯ್ತಾ ಅಂತ ಬೆಳಕಿಗೆ ಹಿಡಿದು ಬೇರೆ ನೋಡಿದೆ!

ಮೇಷ್ಟ್ರ ಮೇಲಿನ ಸಿಟ್ಟು ಯಾವತ್ತೋ ಇಳೀತು. ನಾನು ಸ್ಕೂಲು ಬಿಟ್ಟಿದ್ದು ನೀನು ಬೆಳಕಿಗೆ ಹಿಡಿದು ನೋಡಿದ್ದಕ್ಕೆ.

ಮಾರ್ಚ್ 16, ಭಾನುವಾರ, ಹತ್ತು ಗಂಟೆಗೆ ನಮ್ಮ ಮಕ್ಕಳ ಗಾಜಿನ ಪ್ರದರ್ಶನ. ಲೈಬ್ರರಿ ಸಮಿತಿ ಅಧ್ಯಕ್ಷರು ಬರ್ತಾರೆ. ನಾನು ಮುಂದುವರೀಬೇಕಾ ಬೇಡ್ವಾ ಅಂತ ಅವತ್ತು ಹೇಳ್ತಾರಂತೆ. ಒಂದು ಫಾರಂ ಕೊಟ್ಟಿದಾರೆ, ಅದರಲ್ಲಿ "ಶಾಲೆ ಬಿಟ್ಟ ಕಾರಣ" ಅಂತ ಒಂದು ಖಾನೆ. ಖಾಲಿ ಬಿಟ್ಟಿದೀನಿ.

ನೀನು ಬರಬೇಕು. ಬಂದು ನನಗೆ ಒಂದೇ ಮಾತು ಹೇಳಬೇಕು, ಅದು ಕಳ್ಳತನ ಅಲ್ಲ ಅಂತ. ಅಷ್ಟೇ. ಸಮಿತಿಗಲ್ಲ, ನನಗೆ.

ಕಾಯೋಕೆ ಗೊತ್ತಿಲ್ಲದ,
ನಿನ್ನ ಮಗಳು

ಫೆಬ್ರವರಿ 15

ಮಗಳಿಗೆ,

ಕಾಗದ ತಲುಪಿತು. ಓದಿದೆ.

ಮಾರ್ಚಿನಲ್ಲಿ ಹತ್ತನೆಯವರಿಗೆ ಪ್ರಾಯೋಗಿಕ ಪರೀಕ್ಷೆ. ಭಾನುವಾರವೂ ಸಲಕರಣೆ ಜೋಡಿಸುವುದಿರುತ್ತದೆ. ರಜೆ ಕಷ್ಟ.

ಮೊಳೆಯಲ್ಲಿ ಗೀಚಿದರೆ ಗಾಜಿಗೆ ಗೀರು ಬೀಳುತ್ತದೆ. ಬಿದಿರಿನ ಕಡ್ಡಿ ಚೂಪು ಮಾಡಿಕೊಡು. ತೆಳ್ಳನೆಯ ಗೆರೆಗೆಂದು ಬ್ರಷ್ಷಿನ ಕೂದಲು ಸ್ವಲ್ಪ ಕಳಿಸಿದ್ದೇನೆ.

ನಿನ್ನ ತಂದೆ

ಪುಟ್ಟೀ, ಇದು ಅಮ್ಮ. ಕಾಗದ ಅಂಟಿಸೋಕೆ ಕೊಟ್ಟರು, ಸಂದೀಲಿ ಬರೀತಿದೀನಿ. ಈ ನಾಲ್ಕು ಸಾಲು ಬರೆಯೋಕೆ ಒಂದು ವಾರ ತಗೊಂಡಿದಾರೆ. ಹರಿದು ಹಾಕಿದ ಕಾಗದದಲ್ಲಿ ನಾನು ಒಂದು ಲಂಗಕ್ಕೆ ಅಳತೆ ಕತ್ತರಿಸಿದೆ. ನಿನ್ನ ಕಾಗದ ಅವರ ಅಂಗಿ ಜೇಬಲ್ಲಿದೆ, ಒಗೆಯೋಕೆ ಹಾಕುವಾಗ ತೆಗೀತಾರೆ, ಒಣಗಿದ ಮೇಲೆ ಮತ್ತೆ ಇಡ್ತಾರೆ. ಬೈಬೇಡ. ಬೈದರೂ ಸ್ವಲ್ಪ ಬೈ.

ಮಾರ್ಚ್ 4

ಅಪ್ಪಾ,

ಕೂದಲು ಸಿಕ್ಕಿತು. ಚೆನ್ನಾಗಿದೆ. ಬಿದಿರು ಕಡ್ಡಿನೂ ಸರಿಹೋಯ್ತು. ಮೂವತ್ತೆರಡು ಗಾಜೂ ತಯಾರು. ಕುದುರೆ ಮೊದಲನೇದು.

ಬರದಿದ್ರೆ ಬಿಡು. ಪರೀಕ್ಷೆ ಮಕ್ಕಳಿಗೆ ಅಟೆಂಡರ್ ಬೇಕು, ನನಗೇನು ಬೇಕು.

ಬಂದ್ರೆ, ಬೆಳಗಿನ ಮೊದಲ ಬಸ್ಸು ಆರೂವರೆಗೇ ಇಳಿಸಿಬಿಡುತ್ತೆ. ಕೋಣೆ ಬೀಗದ ಕೈ ಕಿಟಕಿ ಮೇಲಿನ ತಗಡಿನ ಡಬ್ಬಿಲಿದೆ. ಬೀದೀಲಿ ನಿಂತಿರಬೇಡ, ಒಳಗೆ ಕೂತಿರು. ಕರೀತಿದೀನಿ ಅಂದ್ಕೋಬೇಡ, ಸುಮ್ನೆ ಹೇಳ್ದೆ.

ಕರೆಯದೇ ಇರೋ,
ನಿನ್ನ ಮಗಳು

ಮಾರ್ಚ್ 17

ಅಮ್ಮಾ,

ನಿನ್ನ ಗಂಡ ವಾಪಸ್ಸು ತಲುಪಿರ್ತಾನೆ. ಅವನು "ಎಲ್ಲಾ ಚೆನ್ನಾಗಾಯ್ತು" ಅಂತ ಎರಡು ಪದ ಹೇಳಿ ಚಾಪೆ ಮೇಲೆ ಬಿದ್ಕೊಂಡಿರ್ತಾನೆ, ಗೊತ್ತು. ಅದಕ್ಕೆ ನಾನೇ ಬರೀತಿದೀನಿ. ಹೊಲಿಗೆ ಯಂತ್ರ ನಿಲ್ಲಿಸಿ ಓದು, ಸೂಜಿ ಬೆರಳಿಗೆ ಹೋದೀತು.

ನಿನ್ನೆ ಎಂಟೂವರೆಗೆ ಕೋಣೆಗೆ ಹೋದೆ. ಬಾಗಿಲು ತೆರೆದಿತ್ತು. ಬಂದಿದಾನೆ! ಓಡಿ ಒಳಗೆ ಹೋದೆ. ಅಪ್ಪ ಪ್ಯಾಂಟು ಮಡಚಿ, ತೋಳು ಏರಿಸಿ, ಹೆಗಲ ಮೇಲೆ ಒದ್ದೆ ಟವೆಲ್ ಹಾಕ್ಕೊಂಡು ನಗ್ತಾ ನಿಂತಿದ್ದ. ಅವನು ನಗೋದು ನೋಡಿ ಎಷ್ಟು ವರ್ಷ ಆಗಿತ್ತು ಅಂತ ಲೆಕ್ಕ ಹಾಕೋ ಮೊದಲೇ ಮಕ್ಕಳ ಗಾಜು ಸಾಲಾಗಿಟ್ಟಿದ್ದ ಹಲಗೆ ನೋಡಿದೆ.

ಮೂವತ್ತೆರಡೂ ಗಾಜು ತೊಳೆದಿಟ್ಟಿದ್ದ, ಅಮ್ಮಾ. ಫಳಫಳ. ಮುಖ ನೋಡ್ಕೋಬಹುದು.

ಪ್ರದರ್ಶನದ್ದು ಬೇರೆಲ್ಲೋ ಭದ್ರವಾಗಿರುತ್ತೆ, ಇವು ಮಕ್ಕಳು ಕಲಿಯೋಕೆ ಬಳಸಿ ಹಾಗೇ ಬಿಟ್ಟು ಹೋಗಿರೋವು, ದೊಡ್ಡ ಮನುಷ್ಯರು ಬರೋ ಹೊತ್ತಿಗೆ ಮಗಳಿಗೆ ಅವಮಾನ ಆಗಬಾರದು ಅಂತ, ಬಸ್ಸಿಳಿದು ನೀರೂ ಕುಡೀದೆ ಎರಡು ಗಂಟೆ ಕೂತು ತೊಳೆದಿದಾನೆ! ಅಷ್ಟು ವರ್ಷದ ಕೈ ಅದು, ಮಸಿ ಕಂಡ್ರೆ ತಡೆಯೋಕಾಗಲ್ಲ.

ನಾನು ಕಿರುಚಿದ ಸದ್ದು ನಿಮ್ಮೂರಿಗೆ ಕೇಳಿಲ್ಲ ಅಂದ್ರೆ ಆಶ್ಚರ್ಯ. "ಮತ್ತೆ ತೊಳೆದೆ! ಮತ್ತೆ ತೊಳೆದೆಯಲ್ಲೋ!" ಅಪ್ಪನಿಗೆ "ಅಲ್ಲೋ" ಅಂದೆ, ಬೈಬೇಡ, ಬಾಯಿ ತಪ್ಪಿತು. ಅವನು ಮಕ್ಕಳ ಪುಟ್ಟ ಸ್ಟೂಲ್ ಮೇಲೆ ಕೂತುಬಿಟ್ಟ. ಮಂಡಿ ಗಲ್ಲಕ್ಕೆ ಬಂತು. ಬಾಯಿಗೆ ಬೀಗ. ಅದೇ ಬೀಗ.

ಅಷ್ಟರಲ್ಲಿ ಹಲ್ಲಿಲ್ಲದ ಪೋರಿ ಎಲ್ಲರಿಗಿಂತ ಮೊದಲು ಓಡಿ ಬಂದಳು. ಹಲಗೆ ನೋಡಿದಳು. "ನನ್ನ ಕುದುರೆ ಎಲ್ಲಿ?"

ನಾನು ಏನೋ ಸುಳ್ಳು ಹೊಂದಿಸ್ತಿದ್ದೆ. ಅಪ್ಪ ಸ್ಟೂಲಿಂದ ಎದ್ದು, ಅವಳ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತ.

"ನಿನ್ನ ಕುದುರೇನ ನಾನು ತೊಳೆದುಬಿಟ್ಟೆ ಕಣಮ್ಮಾ. ಕೊಳೆ ಅಂದ್ಕೊಂಡೆ. ನನ್ನದು ತಪ್ಪಾಯ್ತು."

"ಕೊಳೆನಾ? ಅದಕ್ಕೆ ಐದು ಕಾಲಿತ್ತು! ತಾತ, ನಿಮಗೆ ಕಣ್ಣು ಕಾಣಲ್ವಾ?"

"ಕಾಣುತ್ತೆ. ತೊಳೆಯೋಕೆ ಮೊದಲು ನೋಡೋ ಅಭ್ಯಾಸ ಇರಲಿಲ್ಲ."

ಅಮ್ಮಾ, ಅದೇ ತಲೆ, ಅದೇ "ತಪ್ಪಾಯ್ತು". ಆದ್ರೆ ಈ ಸಲ ಯಾರಿಗೆ ಹೇಳಬೇಕಿತ್ತೋ ಅವರಿಗೆ ಹೇಳಿದ. ನನಗೆ ಕಿರುಚೋಕೆ ಆಗದೆ ಇದ್ದದ್ದು ಅದೇ ಮೊದಲು.

ಪೋರಿ ಸೊಂಟದ ಮೇಲೆ ಕೈ ಇಟ್ಟು "ಈಗೇನು ಮಾಡ್ತೀರಿ?" ಅಂದಳು. ಅಪ್ಪ ಗಡಿಯಾರ ನೋಡಿದ. "ಇನ್ನೂ ಒಂದೂಕಾಲು ಗಂಟೆ ಇದೆ. ಮೇಣದಬತ್ತಿ ಎಷ್ಟಿವೆ?"

ಆಮೇಲೆ ನೋಡಬೇಕಿತ್ತು ನಿನ್ನ ಗಂಡನ್ನ! ಗಾಜೆಲ್ಲಾ ಕಿಟಕಿ ಬಿಸಿಲಿಗೆ. ಎಂಟು ಮೇಣದಬತ್ತಿ ಒಂದಕ್ಕೊಂದು ಒತ್ತಿ ನಿಲ್ಲಿಸಿ ಒಂದೇ ಉರಿ ಮಾಡಿದ. ಎರಡು ಕೈಯಲ್ಲಿ ಎರಡು ಗಾಜು, ಹೋಗಿ ಬಂದು ಹೋಗಿ ಬಂದು, ಹತ್ತು ಎಣಿಸೋದ್ರಲ್ಲಿ ಮಖಮಲ್ಲು. ನಾನು ಬಿಸಿ ಗಾಜು ಕೊಡೋದು, ಅವನು ಕಪ್ಪು ಗಾಜು ವಾಪಸ್ಸು ಕೊಡೋದು. ನಲವತ್ತು ನಿಮಿಷಕ್ಕೆ ಮೂವತ್ತೆರಡೂ ಮುಗೀತು. ಒಂದೂ ಒಡೀಲಿಲ್ಲ. ಲೈಬ್ರರಿ ಮೇಡಂ ಕುರ್ಚಿ ಹೊತ್ಕೊಂಡು ಬಂದೋರು ಕುರ್ಚಿ ಇಳಿಸೋದೇ ಮರೆತ್ರು.

ಅಷ್ಟರಲ್ಲಿ ಉಳಿದ ಮಕ್ಕಳೂ ಬಂದಿದ್ರು, ಆದ್ರೆ ಅಷ್ಟೂ ಜನಕ್ಕೆ ಮೊದಲಿನ ಚಿತ್ರ ಪೂರ್ತಿ ಮತ್ತೆ ಬರೆಯೋಕೆ ಹೊತ್ತಿಲ್ಲ. ಆಗ ಅಪ್ಪ ಊಟದ ಡಬ್ಬಿ ತೆಗೆದ. ಒಳಗೆ ಊಟ ಇಲ್ಲ! (ನೀನು ಕಟ್ಟಿಕೊಟ್ಟ ಊಟ ಬಸ್ ಸೀಟಿನ ಮೇಲೆ ಮರೆತು ಬಂದಿದ್ದ, ಅದು ಬೇರೆ ಜಗಳ, ನೀವಿಬ್ಬರು ಮಾಡ್ಕೊಳ್ಳಿ.) ಕರವಸ್ತ್ರದಲ್ಲಿ ಸುತ್ತಿದ ಮೂರು ಶ್ರುತಿಕವೆ. ದೊಡ್ಡದು, ನಡುವಿನದು, ಚಿಕ್ಕದು. ಕೂದಲು ಮನೆಯಿಂದಲೇ ಅಂಟಿಸಿ ತಂದಿದ್ದ. ಅಂದ್ರೆ ಹೊರಡುವಾಗಲೇ ಮನಸ್ಸಲ್ಲಿತ್ತು, ಅಲ್ವಾ?

ದೊಡ್ಡದನ್ನ ತನ್ನ ಚಪ್ಪಲಿ ಅಟ್ಟೆಗೆ ಬಡಿದ. ಗುಂಯ್... ಮೂವತ್ತೆರಡು ಮಕ್ಕಳು ಗಪ್‌ಚುಪ್. ಕೂದಲು ತಾಗಿಸಿ, ಗಾಜು ಎಳೆದ. ಬೆಳಕಿಗೆ ಹಿಡಿದ. ಅಲೆ!

"ಯಾರು ಬರೆದಿದ್ದು ಹೇಳಿ?" ಅಂದ.

"ನೀವು!"

"ನಾನು ಬರೀ ಎಳೆದೆ. ಬರೆದಿದ್ದು ಸದ್ದು. ಅದಕ್ಕೆ ಕೈ ಇರಲಿಲ್ಲ, ನಾವು ಒಂದು ಕೂದಲು ಕೊಟ್ವಿ."

ಎಷ್ಟೋ ವರ್ಷ ಆ ಲ್ಯಾಬಲ್ಲಿ ಗೋಡೆ ಪಕ್ಕ ನಿಂತಿದ್ದೋನು! ಎಲ್ಲಿ ಬಚ್ಚಿಟ್ಟಿದ್ದ ಈ ಮಾತನ್ನ?

ಮಕ್ಕಳು ಮುಗಿಬಿದ್ರು. ದೊಡ್ಡ ಕವೆಗೆ ಅಗಲ ಅಲೆ, ಚಿಕ್ಕದಕ್ಕೆ ಸೊಳ್ಳೆ ರೆಕ್ಕೆ ಥರ ಒತ್ತೊತ್ತು. ಅಲೆ ಮೇಲೆ ಒಬ್ಬ ದೋಣಿ ಇಟ್ಟ. ಒಬ್ಬಳು ಅದನ್ನೇ ಅಜ್ಜಿಯ ಗುಂಗುರು ಕೂದಲು ಮಾಡಿದಳು. ಪೋರಿ ಮತ್ತೆ ಕುದುರೆ ಬರೆದಳು. ಈ ಸಲ ಅದರ ಕತ್ತಿನ ಕೂದಲಿಗೆ ಮೂರೂ ಕವೆ ಬಳಸಿದಳು. ಆರು ಕಾಲು. "ಇದು ಇನ್ನೂ ಜೋರಾಗಿ ಓಡುತ್ತೆ" ಅಂತೆ.

ಹತ್ತು ಗಂಟೆಗೆ ಅಪ್ಪ ಅಮ್ಮಂದಿರು ಬಂದ್ರು, ಅಧ್ಯಕ್ಷರು ಬಂದ್ರು. ಕಿಟಕಿ ಮುಚ್ಚಿ, ಒಂದೊಂದೇ ಗಾಜು ದೀಪದ ಮುಂದೆ ಇಟ್ಟೆ. ಗೋಡೆ ತುಂಬಾ ಕುದುರೆ ಓಡಿತು. ಅಪ್ಪ ಮೂಲೇಲಿ ಕವೆ ಬಡೀತಿದ್ದ, ಗೋಡೆ ಮೇಲೆ ಅದರದೇ ಗೆರೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರು ಅಮ್ಮಾ.

ಅಧ್ಯಕ್ಷರು ಬಂದು "ಇವರು ಯಾವ ಕಾಲೇಜಿನ ಪ್ರೊಫೆಸರು?" ಅಂದ್ರು.

"ಸ್ಕೂಲಿನ ಅಟೆಂಡರ್ ಸಾರ್. ಇವಳ ಅಪ್ಪ" ಅಂತ ಅಪ್ಪನೇ ಅಂದ.

"ಇಂಥ ಸಲಕರಣೆ ನಿಮ್ಮ ಸ್ಕೂಲಿನವರು ಹೊರಗೆ ಕೊಡ್ತಾರಾ?"

ಅಪ್ಪ ಕೈಲಿದ್ದ ಕವೆ ಕೆಳಗಿಟ್ಟ. ತಲೆ ತಗ್ಗಿಸ್ತಾನೆ ಅಂದ್ಕೊಂಡೆ. ಇಲ್ಲ. ನನ್ನ ಮುಖ ನೋಡ್ತಾನೇ ಹೇಳಿದ: "ಕೊಡಲ್ಲ ಸಾರ್. ಕೇಳದೆ ತಂದೆ. ನಾಲ್ಕು ವರ್ಷದ ಹಿಂದೆ ನನ್ನ ಮಗಳು ತೊಳೆಯೋಕೆ ಇಟ್ಟಿದ್ದ ಒಂದು ಗಾಜನ್ನ ಮನೆಗೆ ತಂದಿದ್ದಳು, ಚೆನ್ನಾಗಿದೆ ಅಂತ. ಅದು ಕಳ್ಳತನ ಅಲ್ಲ. ಇದು ಕಳ್ಳತನ. ನಾಳೆ ವಾಪಸ್ಸು ಇಟ್ಟು, ಯಾರಿಗೆ ಹೇಳಬೇಕೋ ಅವರಿಗೆ ಹೇಳ್ತೀನಿ."

ಎಲ್ಲರೂ ಗೊಳ್ಳೆಂದು ನಕ್ಕರು. ನಾನು ದೀಪ ಆರಿಸೋಕೆ ಹೋದೋಳ ಹಾಗೆ ಆ ಕಡೆ ತಿರುಗಿದೆ. ಕಣ್ಣಲ್ಲಿ ಮಸಿ ಬಿದ್ದಿತ್ತು.

ನನ್ನ ಭಾನುವಾರ ಮುಂದುವರೀತದೆ. ಫಾರಂ ತುಂಬಿದೆ. ಶಾಲೆ ಬಿಟ್ಟ ಕಾರಣ: ಒಂದು ಗಾಜು. ಅಧ್ಯಕ್ಷರು ಓದಿ ಸಹಿ ಹಾಕಿದ್ರು.

ಮಂಡಿಗೆ ಎಣ್ಣೆ ತಿಕ್ಕು. ಅವನಿಗೂ ತಿಕ್ಕೋಕೆ ಹೇಳು, ಆ ಸ್ಟೂಲ್ ಮೇಲೆ ಕೂತಿದ್ದಾನೆ.

ಈಗಲೂ ಮೈಯೆಲ್ಲಾ ಮಸಿಯಾಗಿರೋ,
ನಿನ್ನ ಪುಟ್ಟಿ

ಮಾರ್ಚ್ 27

ಮಗಳಿಗೆ,

ಸೋಮವಾರ ಬೆಳಿಗ್ಗೆ ಶ್ರುತಿಕವೆಗಳನ್ನು ಬೀರುವಿನಲ್ಲಿಟ್ಟು ಮೇಷ್ಟ್ರ ಬಳಿ ಹೋದೆ. ತೆಗೆದುಕೊಂಡು ಹೋಗಿದ್ದನ್ನು ಹೇಳಿದೆ. ಅವರು ಪಟ್ಟಿ ನೋಡಿ, "ಮೂರಿರಬೇಕು, ಮೂರಿವೆ. ಮತ್ತೇನು ನಿಮ್ಮದು?" ಎಂದರು. ನಾನು ಹೊರಡಲಿಲ್ಲ. ನಿನ್ನ ಗಾಜಿನ ವಿಷಯ ತೆಗೆದೆ. ಆ ದಿನ ನೀವು ಆಡಿದ ಮಾತು ತಪ್ಪು, ನಾನು ತೊಳೆದದ್ದು ಅದಕ್ಕಿಂತ ದೊಡ್ಡ ತಪ್ಪು ಎಂದೆ. ಅವರು ಬಹಳ ಹೊತ್ತು ಯೋಚಿಸಿದರು. "ಯಾವ ಗಾಜು?" ಎಂದು ಕೇಳಿದರು.

ಅವರಿಗೆ ನೆನಪೇ ಇಲ್ಲ, ಮಗಳೇ. ನಾವಿಬ್ಬರೂ ನಾಲ್ಕು ವರ್ಷ ಹೊತ್ತು ತಿರುಗಿದ್ದೇವೆ. ನನಗೆ ನಗು ಬಂತು. ಅವರ ಮುಂದೆಯೇ ನಕ್ಕೆ. ಅವರಿಗೆ ಗಾಬರಿಯಾಗಿ ನೀರು ಕುಡಿಯಿರಿ ಎಂದರು.

ಆವತ್ತು ಬೆಳಕಿಗೆ ಹಿಡಿದು ನೋಡಿದ್ದು ಸ್ವಚ್ಛವಾಯಿತೇ ಎಂದು ನೋಡಲು ಅಲ್ಲ. ನಿನ್ನ ಕಡೆ ತಿರುಗಲು ಧೈರ್ಯವಿರಲಿಲ್ಲ. ಎಲ್ಲಾದರೂ ನೋಡಬೇಕಿತ್ತು.

ಪರೀಕ್ಷೆ ಮುಗಿಯಿತು. ಕೊನೆಯ ದಿನ ಅಲೆ ಮೂಡಿದ ಗಾಜುಗಳಲ್ಲಿ ನಾಲ್ಕನ್ನು ತೊಳೆಯಲಿಲ್ಲ. ಮಸಿ ನಿಲ್ಲುವಂತೆ ಮಾಡುವುದು ಹೇಗೆಂದು ನನಗೆ ಗೊತ್ತಿರಲಿಲ್ಲ, ಯಾರೂ ಕೇಳಿರಲಿಲ್ಲ. ಬೆಂಚು ರಿಪೇರಿಗೆ ಬಂದ ಬಡಗಿಯನ್ನು ಕೇಳಿದೆ. ಮರದ ಪಾಲಿಷನ್ನು ಸ್ಪಿರಿಟ್ಟಿನಲ್ಲಿ ನೀರಿನಷ್ಟು ತೆಳುಮಾಡಿ, ಗಾಜನ್ನು ಓರೆ ಹಿಡಿದು ಮೇಲಿನಿಂದ ಹರಿಯಬಿಡಬೇಕಂತೆ. ಮೂರು ಗಾಜು ಕೆಟ್ಟವು, ನಾಲ್ಕನೆಯದು ನಿಂತಿತು. ಕೆಳಗೆ ಸೂಜಿಯಿಂದ ನಿನ್ನ ಹೆಸರು ಬರೆದಿದ್ದೇನೆ. ಈ ಸಲ ಮೇಷ್ಟ್ರನ್ನು ಕೇಳಿ, ಪಟ್ಟಿಯಲ್ಲಿ ಬರೆಸಿ ತಂದದ್ದು. ಅಮ್ಮ ಏಳು ಸುತ್ತು ಬಟ್ಟೆ ಸುತ್ತಿದ್ದಾಳೆ. ಒಂದನೇ ತರಗತಿಯ ಮಗುವಿಗೆ ಚಳಿಗಾಲದಲ್ಲಿ ತೊಡಿಸುವಂತೆ.

ಅಪ್ಪ

ಏಪ್ರಿಲ್ 5

ಅಪ್ಪಾ,

ಪಾರ್ಸೆಲ್ ಬಂತು. ಅಲ್ಲಾಡಿಸಿದ್ರೆ ಒಳಗೆ ಟಿಕ್ ಟಿಕ್ ಅಂತು. ಏಳು ಸುತ್ತು ಬಿಚ್ಚಿದೆ. ಎರಡು ಹೋಳು.

ಅಂಚೆಯೋರಿಗೆ ಯಜಮಾನ್ರ ಅಂಗಡಿ ಬಾಗಿಲಲ್ಲಿ ನಿಂತು ಒಂದು ಕಾಲು ಗಂಟೆ ಉಪಚಾರ ಮಾಡಿದೆ. ಪಾಪ, ಅವರು ಸೈಕಲ್ ಮರೆತು ನಡೆದೇ ಹೋದ್ರು, ಆಮೇಲೆ ವಾಪಸ್ಸು ಬಂದು ತಗೊಂಡು ಹೋದ್ರು. ನಿನಗೆ ಬೇಜಾರಾಗುತ್ತೆ ಅಂತ ಬರೆಯೋದೇ ಬೇಡ ಅಂದ್ಕೊಂಡಿದ್ದೆ. ಯಜಮಾನ್ರು ಹೋಳು ತಿರುಗಿಸಿ ನೋಡಿ "ಚೂಪಿ, ನೀನು ಯಾವ ಅಂಗಡೀಲಿ ಕೆಲಸ ಮಾಡ್ತೀಯ ಅಂತ ಮರೆತುಹೋಯ್ತಾ?" ಅಂದ್ರು.

ಹೌದಲ್ವಾ! ಗಾಜು ನನ್ನ ಕೆಲಸ. ಬಿರುಕಿನ ಅಂಚು ಕಲ್ಲಲ್ಲಿ ಉಜ್ಜಿ ನಯ ಮಾಡಿದೆ. ಎರಡು ಹೋಳೂ ಜೋಡಿಸಿ ಹಿಂದೆ ಮುಂದೆ ತೆಳು ಗಾಜಿಟ್ಟು, ಸುತ್ತ ಹಿತ್ತಾಳೆ ಪಟ್ಟಿ ಕಟ್ಟಿದೆ. ಅಲೆ ಈ ಕಡೆಯಿಂದ ಬಂದು, ಬಿರುಕಿನ ಹತ್ರ ಕೂದಲೆಳೆಯಷ್ಟು ನಿಂತು, ಆ ಕಡೆ ಅದೇ ಅಳತೇಲಿ ಮುಂದೆ ಹೋಗುತ್ತೆ. ನನ್ನ ಹೆಸರು ಬಲಗಡೆ ಹೋಳಿನಲ್ಲಿ ಪೂರ್ತಿ ಇದೆ. ಕೈಬರಹ ಕೆಟ್ಟದಾಗಿದೆ, ಅಭ್ಯಾಸ ಮಾಡು.

ಕೋಣೆಯ ಪೂರ್ವದ ಕಿಟಕಿಗೆ ಸಿಗಿಸಿದೀನಿ. ಬೆಳಿಗ್ಗೆ ಬಿಸಿಲು ಬಿದ್ರೆ ಅಲೆ ಎದುರು ಗೋಡೆಗೆ ಹೋಗಿ ಕೂರುತ್ತೆ. ನಾನು ಒಂದಿನ ಕೂತು ಎಣಿಸಿದೆ. ನೂರಾ ಹನ್ನೊಂದು ಅಲೆ. ಮೇಷ್ಟ್ರು ಅವತ್ತು ಕೇಳಿದ ಲೆಕ್ಕ, ಸ್ವಲ್ಪ ತಡ ಆಯ್ತು ಅಂತ ಹೇಳು ಅವರಿಗೆ.

ಹಲ್ಲಿಲ್ಲದ ಪೋರಿಗೆ ಹೊಸ ಹಲ್ಲು ಇಣುಕ್ತಿದೆ. ಆ ತಾತ ಇನ್ನೊಂದು ಸಲ ಬಂದು ತೊಳೆದುಬಿಟ್ರೆ ಅಂತ ಅವಳಿಗೆ ಭಯ. ಅದಕ್ಕೆ ಅವಳೇ ಕಾಗದದ ಮೇಲೆ ದಪ್ಪಕ್ಕೆ ಬರೆದು ಗಾಜಿನ ಕೆಳಗೆ ಅಂಟಿಸಿದಾಳೆ:

"ನೋಡಬಹುದು. ಮುಟ್ಟಬಹುದು. ತೊಳೆಯಬಾರದು. ತಾತನಿಗೂ ಸೇರಿ."

ನಾನು ಅದನ್ನ ತೆಗೆದಿಲ್ಲ. ಬೀಗದ ಕೈ ಅದೇ ಡಬ್ಬೀಲಿದೆ. ಈ ಸಲ ಕರೀತಿದೀನಿ.

ಕಿರುಚದೆ ಬರೆದ,
ನಿನ್ನ ಮಗಳು